ಬಸ್ಸಿಗೆ ಬಾರದ ಹುಡುಗಿ

ಶಾಲೆಯ ಬಸ್ಸು ತಪ್ಪಿಸಿಕೊಂಡ ಮಕ್ಕಳನ್ನು ಕೂಡಲೇ ಪತ್ತೆ ಹಚ್ಚುವ ಮಹಾಯೋಜನೆ ನನ್ನದೇ ಎಂದು ಯರಗುಪ್ಪಿಯ ತುಂಬ ನಾನೇ ಹೇಳಿಕೊಂಡು ತಿರುಗಿದ್ದೆ. ಈಗ ನಾನು ಹೇಳುವುದನ್ನು ಬಿಟ್ಟಿದ್ದೇನೆ. ಊರವರೇ ಹೇಳುತ್ತಿದ್ದಾರೆ.

ಯೋಜನೆ ಸರಳ. ನಮ್ಮೂರಿನ ಮಕ್ಕಳು ಕುಂದಗೋಳದ ಶಾಲೆಗೆ ಹಳದಿ ಬಸ್ಸಿನಲ್ಲಿ ಹೋಗಿಬರುತ್ತಾರೆ. ಅವರನ್ನು ಹತ್ತಿಸಿ ಇಳಿಸುವ ಕೆಲಸ ಮುಮತಾಜ್ ಅಕ್ಕನದು. ಸಂಜೆ ಯಾವ ಮಗು ಬಸ್ಸಿಗೆ ಬರಲಿಲ್ಲವೋ ಅದರ ಮನೆಗೆ ಅಕ್ಕ ಫೋನು ಮಾಡಬೇಕು. ಮಗು ಎಲ್ಲಿದೆಯೆಂದು ತಿಳಿಯುವವರೆಗೆ ಬಸ್ಸು ಕದಲಕೂಡದು. ಪಾಲಕರೇ ಕರೆದುಕೊಂಡು ಹೋಗುವುದಾದರೆ ಅಕ್ಕನಿಗೆ ಹೇಳಿಯೇ ಹೋಗತಕ್ಕದ್ದು. ಈ ಕೊನೆಯ ಕಲಮನ್ನು ಪಾಲಕರ ಸಭೆಯಲ್ಲಿ ಎದ್ದುನಿಂತು, ಮೇಜು ಗುದ್ದಿ ಸೇರಿಸಿದವನು ಸಾಕ್ಷಾತ್ ನಾನು. (ಮೇಜು ಹೆಡ್‌ಮಾಸ್ತರರದು. ಗುದ್ದಿದಾಗ ಚೆಲ್ಲಿದ ಚಹಾ ಕೂಡ ಅವರದೇ.)

ಮೊನ್ನೆ ನೀರೆತ್ತುವ ಮೋಟಾರನ್ನು ಕುಂದಗೋಳದಲ್ಲಿ ರಿಪೇರಿಗೆ ಕೊಟ್ಟು, ಶಾಲೆ ಬಿಡುವ ಹೊತ್ತಿಗೆ ಅದರ ಮುಂದಿನ ದಾರಿಯಲ್ಲೇ ಬೈಕಿನ ಮೇಲೆ ಹೊರಟಿದ್ದೆ. ಗೇಟಿನಿಂದ ನನ್ನ ಮಗಳು ಅಮೃತಾ "ಪಪ್ಪಾ!" ಎಂದು ಓಡಿಬಂದಳು. ಪಿತೃವಾತ್ಸಲ್ಯ ಉಕ್ಕಿತು. ವಾತ್ಸಲ್ಯ ಉಕ್ಕುವಾಗ ಕಲಮು ಯಾರಿಗೆ ನೆನಪಿರುತ್ತದೆ? ಹಿಂದೆ ಕೂರಿಸಿಕೊಂಡು ನೇರವಾಗಿ ಗಿರ್ಮಿಟ್ ಅಂಗಡಿಗೆ ಹೋದೆ. ಮಿರ್ಚಿ ಭಜಿ ಬಿಸಿಯಾಗಿದ್ದವು. ನನ್ನ ಮೊಬೈಲು ಮಾತ್ರ ಚಾರ್ಜು ಮುಗಿದು ತಣ್ಣಗೆ ಮಲಗಿತ್ತು. ಅದು ನನಗೆ ಗೊತ್ತಿರಲಿಲ್ಲ.

ತಿಂದು ಮುಗಿಸಿ ಊರ ದಾರಿ ಹಿಡಿದೆವು. ಗಾಳಿ ಹೆಚ್ಚೆಂದು ಅಮೃತಾಳಿಗೆ ನನ್ನ ಜಾಕೀಟು ತೊಡಿಸಿದ್ದೆ. ನೋಡಿದವರಿಗೆ ಹಿಂದೆ ಕೂತದ್ದು ಮಗುವೋ ಗಂಟೋ ತಿಳಿಯುವಂತಿರಲಿಲ್ಲ. ಅರ್ಧ ದಾರಿಯಲ್ಲಿ ಎದುರಿನಿಂದ ನಮ್ಮೂರಿನ ಹೊಳೆಪ್ಪ ಕಾಕಾ ಗಾಡಿ ಹೊಡೆದುಕೊಂಡು ಬಂದ.

"ಸಂಗಣ್ಣಾ! ಸಾಲಿ ಬಸ್ಸಿಗೆ ಒಂದ ಹುಡಿಗಿ ಬಂದಿಲ್ಲಂತ! ನಮ್ಮೂರಾಕಿನ ಅಂತ! ನಾ ಸ್ಟೇಶನ್ ಕಡೆ ನೋಡತೇನಿ, ನೀ ಪ್ಯಾಟಿ ಕಡೆ ನೋಡ!" ಎಂದು ಕೂಗಿ, ನಿಲ್ಲದೆ ಹೋಗಿಬಿಟ್ಟ.

ನನ್ನ ರಕ್ತ ಕುದಿಯಿತು. ಯೋಜನೆ ಮಾಡಿದವನು ಜೀವಂತ ಇರುವಾಗಲೇ ಇಂಥ ಅನಾಹುತವೇ? ಬೈಕು ತಿರುಗಿಸಿದೆ.

"ಯಾರ ಪಪ್ಪಾ ಕಳದಾಕಿ?" ಎಂದಳು ಅಮೃತಾ.

"ನಿಮ್ಮ ಬಸ್ಸಿನಾಕಿನ ಅಂತ. ಗಟ್ಟಿ ಹಿಡಕೋ."

"ಹಂಗಾರ ಶಿವಗಂಗಾನ ಇರಬೇಕ. ಅಕಿ ಯಾವಾಗ್ಲೂ ಪೆನ್ಸಿಲ್ ಹುಡಕೋತ ಹಿಂದ ಉಳದಬಿಡತಾಳ." ಹೇಳುತ್ತ ಹೇಳುತ್ತ ಅವಳ ದನಿ ಅಳುವಿಗೆ ತಿರುಗಿತು. ಶಿವಗಂಗಾ ಅವಳ ಪಕ್ಕದ ಸೀಟಿನ ಗೆಳತಿ.

ಕುಂದಗೋಳದ ಪೇಟೆಯನ್ನೆಲ್ಲ ಸುತ್ತಿದೆವು. ನಾನು ಮುಂದಿನಿಂದ "ಶಿವಗಂಗಾ!" ಎಂದರೆ ಮಗಳು ಹಿಂದಿನಿಂದ "ಶಿವೂ!" ಎನ್ನುತ್ತಿದ್ದಳು. ಉತ್ತರವಿಲ್ಲ. ಕೊನೆಗೆ ಶಾಲೆಗೆ ಬಂದರೆ ಬಸ್ಸು ಗೇಟಿನಲ್ಲೇ ನಿಂತಿದೆ, ಸುತ್ತ ಜನ. ಬೈಕಿನಿಂದ ಇಳಿಯುವ ತಾಳ್ಮೆಯೂ ಇಲ್ಲದೆ ನಾನು ಭಾಷಣ ಶುರು ಮಾಡಿದೆ.

"ಎಂಥಾ ತಂದಿ-ತಾಯಿ ಅದಾರ್ರಿ ಇವ್ರು! ಹೆತ್ತ ಮಗಳು ಎಲ್ಲಿದಾಳನ್ನೂ ಖಬರ ಬ್ಯಾಡೇನ್ರಿ?"

ಆಗ ಬಸ್ಸಿನ ಕಿಟಕಿಯಲ್ಲಿ ಎರಡು ಜಡೆ ಕಂಡವು.

"ಸಿಕ್ಕಳ! ಇಲ್ಲೇ ಬಸ್ಸಿನ್ಯಾಗ ಅದಾಳಲ್ರಿ ಶಿವಗಂಗಾ!" ಎಂದು ನಾನು ವಿಜಯಘೋಷ ಮಾಡಿದೆ.

"ಕಳದಾಕಿ ನಾ ಅಲ್ರಿ ಕಾಕಾ, ಅಮೃತಾ!" ಎಂದಳು ಶಿವಗಂಗಾ.

ಜಾಕೀಟಿನೊಳಗಿಂದ ಒಂದು ತಲೆ ಹೊರಬಂದು, "ನಾನಾ?" ಎಂದಿತು.

ಜನರ ನಡುವೆ ನನ್ನ ಹೆಂಡತಿ ಸುನಿತಾ ನಿಂತಿದ್ದಳು. ಫೋನು ಬಂದೊಡನೆ ಹಿಟ್ಟಿನ ಕೈಯಲ್ಲೇ ಯಾರದೋ ಟಂಟಂ ಆಟೋ ಹತ್ತಿ ಬಂದವಳು. ನನಗೆ ಮಾಡಿದ ಫೋನೆಲ್ಲ "ಸ್ವಿಚ್ ಆಫ್" ಎಂದಿತ್ತಂತೆ. ಅವಳು ನನ್ನ ಕಡೆ ನೋಡಿದ ನೋಟಕ್ಕೆ ಕನ್ನಡದಲ್ಲಿ ಶಬ್ದವಿಲ್ಲ. (ಇದ್ದವನ್ನು ಅವಳು ಮನೆಗೆ ಹೋದ ಮೇಲೆ ಬಳಸಿದಳು.)

ಮುಮತಾಜ್ ಅಕ್ಕ ಓಡಿಬಂದು ಅಮೃತಾಳನ್ನು ಇಳಿಸಿಕೊಂಡಳು. ಕೆನ್ನೆ, ಕೈ, ಕಾಲು ಎಲ್ಲ ಮುಟ್ಟಿ ನೋಡಿದಳು. ಆಮೇಲೆ ಬಸ್ಸಿನ ಮೆಟ್ಟಿಲ ಮೇಲೆ ಕುಸಿದು ಕೂತು, ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

ಅಲ್ಲಿಯವರೆಗೆ ನನಗೆ ನಾಚಿಕೆ ಮಾತ್ರ ಆಗಿತ್ತು. ಆಗ ಸುತ್ತ ನಿಂತವರನ್ನು ಸರಿಯಾಗಿ ನೋಡಿದೆ. ಡ್ರೈವರ್ ಉಡಚಪ್ಪನ ಪ್ಯಾಂಟು ಮೊಣಕಾಲವರೆಗೂ ಕೆಸರಾಗಿತ್ತು. ಅವನು ಕೆರೆಯ ದಂಡೆಯವರೆಗೂ ಹೋಗಿ ನೋಡಿಬಂದಿದ್ದ. ಬಾಳೆಹಣ್ಣು ಮಾರುವ ರೇವವ್ವ ಗಾಡಿಯನ್ನು ಬೀದಿಯಲ್ಲೇ ಬಿಟ್ಟು ಓಣಿ ಓಣಿ ತಿರುಗಿದ್ದಳು. ನಮ್ಮ ಮನೆಯವರ ಮುಖವನ್ನೂ ನೋಡದ ಜನ ನಮ್ಮ ಹುಡುಗಿಗಾಗಿ ಊರೆಲ್ಲ ಹುಡುಕುತ್ತಿದ್ದಾಗ, ನಾನು ಇನ್ನೊಂದು ಮಿರ್ಚಿ ಹಾಕಿಸಿಕೊಳ್ಳುತ್ತಿದ್ದೆ.

"ತಪ್ಪಾತ್ರಿ ಅಕ್ಕಾ," ಎಂದು ಕೈ ಮುಗಿದೆ. "ನಿಮಗ ಹೇಳಿ ಹೋಗಬೇಕಿತ್ತು."

"ತಪ್ಪ ಆಮ್ಯಾಲ ನೋಡೂಣ್ರಿ ಅಣ್ಣಾರ," ಎಂದು ಅಕ್ಕ ಕಣ್ಣೊರೆಸಿಕೊಂಡಳು. "ಕೂಸು ಸಿಕ್ತಲ್ಲ, ನನಗ ಅಷ್ಟ ಸಾಕ. ಮೊದಲ ಅಕಿಗೆ ನೀರ ಕುಡಸ್ರಿ, ಗಾಬರಿ ಆಗ್ಯಾಳ."

ರೇವವ್ವ ಬಸ್ಸಿನಲ್ಲಿ ಹಸಿದು ಕೂತ ಮಕ್ಕಳಿಗೆಲ್ಲ ಬಾಳೆಹಣ್ಣು ಹಂಚಿದಳು. ನನ್ನ ಕೈಗೂ ಒಂದು ಕೊಟ್ಟಳು. ನಾನು ತಿನ್ನಲಾರದೆ ಹಿಡಿದುಕೊಂಡೇ ನಿಂತೆ.

ಬಸ್ಸು ಯರಗುಪ್ಪಿ ಮುಟ್ಟಿದಾಗ ಕತ್ತಲಾಗಿತ್ತು. ಕಾದು ನಿಂತ ಪಾಲಕರ ಬೈಗುಳವನ್ನೆಲ್ಲ ಕೇಳಲು ಬೈಕಿನಲ್ಲಿ ಹಿಂದೆಯೇ ಬಂದಿದ್ದೆ. ಆದರೆ ಒಬ್ಬರೂ ಬೈಯಲಿಲ್ಲ. ಹೊಳೆಪ್ಪ ಕಾಕಾ ಮಾತ್ರ, "ಚಲೋ ಹುಡಕಿದಿ ಬಿಡಪಾ," ಎಂದು ಬೆನ್ನು ತಟ್ಟಿ ಹೋದ.

ಈಗ ದಿನಾ ಸಂಜೆ ಬಸ್ಸು ಹೊರಡುವ ಮುಂಚೆ ಮುಮತಾಜ್ ಅಕ್ಕ ಸುನಿತಾಳಿಗೆ ಫೋನು ಮಾಡುತ್ತಾಳೆ.

"ಹುಡಿಗಿ ಬಸ್ ಹತ್ಯಾಳ್ರಿ. ಯಜಮಾನ್ರು ಮನಿಗೆ ಬಂದಾರೇನ್ರಿ?"

ಸುನಿತಾ ಅಡುಗೆಮನೆಯಿಂದ ಹೊರಗೆ ಬಂದು, ಕಟ್ಟೆಯ ಮೇಲೆ ಕೂತ ನನ್ನನ್ನು ಒಮ್ಮೆ ಮುಟ್ಟಿ ನೋಡಿ, ಆಮೇಲೆಯೇ "ಹೂಂ, ಬಂದಾರ, ಬಸ್ ಬಿಡ್ರಿ," ಎನ್ನುತ್ತಾಳೆ.