ಅಂತರಜಾಲದ ಹಂಡೆ

ಖಾನಾಪುರದ ಭೀಮಗೊಂಡ ಸಾವಕಾರರ ಪಾತ್ರೆ ಅಂಗಡಿಯನ್ನು ಕಲ್ಮೇಶ ಅಂತರಜಾಲಕ್ಕೆ ಏರಿಸಿ ತಿಂಗಳಾಗಿತ್ತು. ಒಂದು ನರಪಿಳ್ಳೆಯೂ ಅಲ್ಲಿ ಚಮಚ ಸಹ ಕೊಂಡಿರಲಿಲ್ಲ. "ಒಬ್ಬ ಗಿರಾಕಿ ಬರಲಿ, ಬಾಜಾರದ ಅಷ್ಟೂ ಅಂಗಡಿ ಕೆಲಸ ನಿನಗ ಕೊಡಸ್ತೀನಿ" ಎಂದಿದ್ದರು ಸಾವಕಾರರು. ಆ ಮಾತು ನಂಬಿ ಕಲ್ಮೇಶ ಟೈಪಿಂಗ್ ಕಲಿಸುವ ನೌಕರಿಯನ್ನೂ ಬಿಟ್ಟಿದ್ದ.

ಆ ಬೆಳಿಗ್ಗೆ ಅಂಗಡಿಯ ಕಂಪ್ಯೂಟರಿಗೆ ಆರ್ಡರ್ ಬಂದೇ ಬಂತು. ತಾಮ್ರದ ಹಂಡೆ ಒಂದು. ಕಾಂತಾ, ಅನಗೋಳ, ಬೆಳಗಾವಿ.

"ಭೇಷ್! ನೀನೂ ಅನಗೋಳದಾಂವನ. ಹೊತ್ಕೊಂಡ ಹೋಗಿ ಕೊಟ್ಟ ಬಾ" ಎಂದರು ಸಾವಕಾರರು.

"ನಾ ಕಂಪ್ಯೂಟರ್ ಕಲತಾಂವ್ರಿ, ಹಮಾಲ ಅಲ್ಲ!"

"ಕಂಪ್ಯೂಟರಿಗೆ ಹೆಗಲ ಐತೇನೋ ತಮ್ಮಾ?"

ಕಲ್ಮೇಶನ ಮೈ ಉರಿಯಿತು. ಆದರೂ ಹಂಡೆ ಹೊತ್ತು ಬಸ್ಸು ಹತ್ತಿದ. ಕಂಡಕ್ಟರ್ ಹಂಡೆಗೂ ಟಿಕೆಟ್ ಹರಿದ. ಪಕ್ಕದ ಅಜ್ಜಿ ಒಂದು ಮಾತೂ ಕೇಳದೆ ತನ್ನ ಬದನೆಕಾಯಿ ಗಂಟನ್ನು ಅದರೊಳಗೆ ಇಳಿಬಿಟ್ಟು, "ಅಳಗ್ಯಾಡಸಬ್ಯಾಡೋ, ಜಜ್ಜತಾವ" ಎಂದು ಅವನನ್ನೇ ಗದರಿದಳು.

ಅನಗೋಳದಲ್ಲಿ ಬಾಗಿಲು ತೆರೆದ ಕಾಂತಾ ಬೆರಳು ಮಡಚಿ ಹಂಡೆಯನ್ನು ಟಣ್ ಟಣ್ ಎಂದು ಬಡಿದಳು.

"ಆವಾಜ ಛಲೋ ಐತಿ. ಎಷ್ಟ ಕಡಿಮಿ ಮಾಡ್ತೀರಿ?"

"ಅಕ್ಕಾರ, ರೇಟ ನೋಡೇ ಕಂಪ್ಯೂಟರಿನ್ಯಾಗ ಒತ್ತೀರಲ್ರಿ!"

"ಅಯ್ಯ, ಒತ್ತಿದ್ರ ತಗೊಂಡಂಗೇನು? ಬಡದ ನೋಡಲಾರದ, ಚೌಕಾಸಿ ಮಾಡಲಾರದ ಹಂಡೆ ತಗೊಳ್ಳಾಕ ನನಗೇನ ಹುಚ್ಚ ಹಿಡದೈತೇನು?"

ಸದ್ದು ಕೇಳಿ ಓಣಿಯ ಹೆಂಗಸರೆಲ್ಲ ನೆರೆದರು. "ಕಡಾಯಿ ಐತೇನಪಾ?" ಎಂದಳು ಎದುರುಮನೆಯ ನಿಂಗವ್ವ.

"ನಾ ಪಾತ್ರಿ ಮಾರಾಂವ ಅಲ್ರಿ! ಒಂದ ಪೈಸಾನೂ ಕಡಿಮಿ ಮಾಡೂದಿಲ್ಲ! ಬೇಕಾದ್ರ ತಗೋರಿ, ಬ್ಯಾಡಾದ್ರ ಬಿಡ್ರಿ!" ಕಲ್ಮೇಶ ಅರಚಿದ.

ಹೆಂಗಸರು ಮುಖ ಮುಖ ನೋಡಿಕೊಂಡರು. ಇಷ್ಟು ಸೊಕ್ಕಿನ ವ್ಯಾಪಾರಿಯನ್ನು ಅವರು ಕಂಡೇ ಇರಲಿಲ್ಲ. "ಮಾಲ ಖರೇ ಇರಬೇಕು" ಎಂದುಕೊಂಡ ಕಾಂತಾ ಪೂರ್ತಿ ಹಣ ಎಣಿಸಿ ಕೊಟ್ಟಳು. ನಿಂಗವ್ವ ಕಡಾಯಿ ತರಲು ಹೇಳಿದಳು, ಉಳಿದವರು ಕೊಡ, ತಂಬಿಗೆ ಹೇಳಿದರು.

ಕಲ್ಮೇಶ ಎಸ್‌ಟಿಡಿ ಬೂತಿಗೆ ಓಡಿ ಸಾವಕಾರರಿಗೆ ನಡೆದುದನ್ನೆಲ್ಲ ಹೇಳಿದ. ಗೆದ್ದೆನೆಂದು ಬೀಗುತ್ತ ಸಂಜೆಗೆ ಖಾನಾಪುರಕ್ಕೆ ಮರಳಿದ. ಅಂಗಡಿಯ ಮುಂದೆ ಬಾಜಾರದ ವ್ಯಾಪಾರಿಗಳೆಲ್ಲ ಬಟ್ಟೆ, ಬಳೆ, ಬುಟ್ಟಿಗಳ ಗಂಟು ಹಿಡಿದು ಅವನಿಗಾಗಿಯೇ ಕಾದಿದ್ದರು. ಕಂಪ್ಯೂಟರ್ ಇದ್ದ ಮೇಜು ಬರಿದಾಗಿತ್ತು.

"ಬಾ ತಮ್ಮಾ, ಮಾತ ತಪ್ಪಾಂವ ಅಲ್ಲ ನಾ" ಎಂದು ಸಾವಕಾರರು ಅವನ ಬೆನ್ನು ತಟ್ಟಿದರು. "ಅಷ್ಟೂ ಅಂಗಡ್ಯಾರನ್ನ ಒಪ್ಪಿಸೇನಿ. ಆ ಡಬ್ಬಿ ಮಾರಿ ನಿನಗೊಂದ ಹೊಸಾ ಕೈಗಾಡಿ ತಂದೇನಿ. ನಾಳೆ ಪಾರಿಶ್ವಾಡ ಹಳ್ಳಿಯಿಂದ ಮಾರಾಕ ಸುರು ಮಾಡು!"