ಸುಬಾಗ್ಯೊ ಮೇಷ್ಟ್ರ ಚಿತ್ರಪಾಠ

ಒಂದು ಗಂಟೆ ಬಾಯಿ ಬಿಗಿಹಿಡಿದರೆ ಕೆಲಸ ಕಾಯಂ ಎಂದು ಗೊತ್ತಾದದ್ದೇ ಸುಬಾಗ್ಯೊ ಮೇಷ್ಟ್ರ ಎಡವಟ್ಟಿಗೆಲ್ಲ ಮೂಲ. ಕ್ಲಾತೆನ್ ಪೇಟೆಯ ಆ ಶಾಲೆಯಲ್ಲಿ ಅವರು ಒಂಬತ್ತು ವರ್ಷದಿಂದ ಹಂಗಾಮಿ. ಇವತ್ತು ಮೇಲಧಿಕಾರಿ ರೆತ್ನೊವಾತಿ ಮೇಡಂ ಪಾಠ ನೋಡಲು ಬರುವವರಿದ್ದರು. ಪದ್ಧತಿ ಹೊಸದು: ಚಿತ್ರ ತೋರಿಸಬೇಕು, ಪ್ರಶ್ನೆ ಕೇಳಬೇಕು, ಉತ್ತರ ಮಾತ್ರ ಹೇಳಕೂಡದು. ಮೇಷ್ಟ್ರಿಗೆ ಇದು ಉಸಿರು ಬಿಗಿಹಿಡಿದು ಬದುಕು ಎಂದ ಹಾಗೆ.

ಗೋಡೆಗೆ ಚಿತ್ರ ತೂಗುಹಾಕಿದರು. ರೈಲು ನಿಲ್ದಾಣ, ಪೆಟ್ಟಿಗೆ ಹಿಡಿದ ಹೆಂಗಸು, ಪಕ್ಕದ ಬುಟ್ಟಿಯಲ್ಲಿ ಹುಂಜ.

"ಏನು ಕಾಣ್ತಿದೆ ಮಕ್ಕಳೇ?"

ನಲವತ್ತು ಮಕ್ಕಳೂ ಪೆನ್ನು ಹಿಡಿದು ಕೂತರು. "ನೀವೇ ಹೇಳಿ ಸಾರ್, ಬರ್ಕೋತೀವಿ," ಎಂದಳು ಕಿಟಕಿ ಪಕ್ಕ ಕೂತಿದ್ದ ಲಸ್ತ್ರಿ.

ಮೇಷ್ಟ್ರು ಬೆವೆತುಹೋದರು. ಅಷ್ಟರಲ್ಲಿ ಕಿಟಕಿಯಲ್ಲೊಂದು ತಲೆ ಇಣುಕಿತು. ಶಾಲೆಯಂಗಳದಲ್ಲಿ ತಳ್ಳುಗಾಡಿ ನಿಲ್ಲಿಸಿ ಮಾಂಸದುಂಡೆ ಸಾರು ಮಾರುವ ತುಕಿಮಾನ್ ತಾತ.

"ಏನವ್ವಾ ಅದು, ಗೋಡೆ ಮ್ಯಾಲೆ?"

"ಒಬ್ಬಳು ಊರು ಬಿಟ್ಟು ಹೋಗ್ತಿದಾಳೆ ತಾತ," ಎಂದಳು ಲಸ್ತ್ರಿ.

"ಹೋಗ್ತಾವ್ಳೆ ಅಂತ ಹೆಂಗೆ ಹೇಳ್ತೀಯ?"

"ಪೆಟ್ಟಿಗೆ ಇದೆಯಲ್ಲ!"

"ಸುಳ್ಳು ತಾತ!" ಹಿಂದಿನ ಬೆಂಚಿನ ದಾಮರ್ ಎದ್ದ. "ಈಗ ಬಂದಿಳಿದಿದಾಳೆ. ಬಟ್ಟೆ ಹೆಂಗೆ ಮುದುಡಿದೆ ನೋಡಿ!"

"ಹೌದಾ? ಇನ್ನೇನೈತೆ ಅಲ್ಲಿ?"

ತಗೋ, ತರಗತಿಗೆ ಕಿಚ್ಚು ಹತ್ತಿತು! ಮಕ್ಕಳು ಬೆಂಚು ಹತ್ತಿ ನಿಂತರು. ಗಂಡನ ಮೇಲೆ ಮುನಿಸಿಕೊಂಡು ಹೊರಟಿದ್ದಾಳೆ ಎಂದಳು ಒಬ್ಬಳು, ಮಗಳ ಬಾಣಂತನಕ್ಕೆ ಬಂದಿದ್ದಾಳೆ ಎಂದ ಇನ್ನೊಬ್ಬ. ತಾತ ಸೌಟು ಆಡಿಸುತ್ತ "ಎಲ್ಲೈತೆ? ಹೆಂಗೆ ಗೊತ್ತು?" ಎಂದು ಕೇಳುತ್ತಲೇ ಇದ್ದ. ಒಂಬತ್ತು ವರ್ಷದಲ್ಲಿ ಇಂಥ ಪಾಠ ಕಂಡಿರದ ಮೇಷ್ಟ್ರಿಗೆ ಉತ್ಸಾಹ ತಡೆಯಲಾಗಲಿಲ್ಲ. ಮೇಜು ಹತ್ತಿಯೇಬಿಟ್ಟರು.

"ಹೊರಟೇ ಇದಾಳ್ರೋ! ಹುಂಜ ನೋಡ್ರೋ! ನೆಂಟರ ಮನೆಗೆ ಬರಿಗೈಲಿ ಹೋಗ್ತಾರೇನ್ರೋ?"

ಬಾಗಿಲಲ್ಲಿ ರೆತ್ನೊವಾತಿ ಮೇಡಂ ನಿಂತಿದ್ದರು. ಮೇಷ್ಟ್ರು ಮೆಲ್ಲಗೆ ಇಳಿದರು.

"ಅದ್ಭುತ!" ಮೇಡಂ ಮುಖ ಅರಳಿತ್ತು. "ಕಾಲುಗಂಟೆಯಿಂದ ನೋಡ್ತಿದೀನಿ. ಒಂದು ಉತ್ತರಾನೂ ಹೇಳದೆ ನಲವತ್ತು ಮಕ್ಕಳನ್ನ ಮಾತಾಡಿಸೋದು ಹುಡುಗಾಟವಾ?"

ಮೇಷ್ಟ್ರು ಕೈ ಚಾಚಿದರು. ಮೇಡಂ ಅವರನ್ನು ದಾಟಿಕೊಂಡು ಹೋಗಿ ಕಿಟಕಿಯಾಚೆಗಿನ ತಾತನ ಕೈ ಕುಲುಕಿದರು.

"ಮೇಡಂ! ಅವರು ಕನ್ನಡಕ ಮನೇಲಿ ಮರೆತು ಬಂದಿದಾರೆ, ಬೆಳಿಗ್ಗೆ ಅವರೇ ಹೇಳಿದ್ರು! ಚಿತ್ರ ಕಾಣ್ದೆ ಕೇಳಿದ್ದು ಅಷ್ಟೂ!" ಎಂದು ಮೇಷ್ಟ್ರು ಕೂಗಿಕೊಂಡರು.

"ನಿಮಗೆ ಕಾಣ್ತಿತ್ತಲ್ಲ, ಅದೇ ತೊಂದರೆಯಾಗಿದ್ದು. ಕಾಯಂ ವಿಷಯ ಮುಂದಿನ ವರ್ಷ ನೋಡೋಣ." ಮೇಡಂ ತಾತನತ್ತ ತಿರುಗಿದರು. "ಶನಿವಾರ ಹನ್ನೊಂದು ಶಾಲೆ ಮೇಷ್ಟ್ರುಗಳಿಗೆ ನೀವೇ ತರಬೇತಿ ಕೊಡಬೇಕು."

"ಕೊಡಾನ ತಾಯಿ," ತಾತ ತಲೆ ಕೆರೆದುಕೊಂಡ. "ಆದ್ರೆ ಗಾಡಿ ತಾವ ಯಾರಿರ್ತಾರೆ?"

ಮೇಡಂ ತರಗತಿಯತ್ತ ಒಮ್ಮೆ ಕಣ್ಣಾಡಿಸಿದರು.

"ಸುಬಾಗ್ಯೊ ಮೇಷ್ಟ್ರೇ, ಶನಿವಾರ ನಿಮಗೆ ಬಿಡುವಿದೆಯಲ್ಲ?"