ಮೈನಸ್ ತೂಕದ ಮುಖ್ಯ ಅತಿಥಿಗಳು

ಶಾಲು ಹೊದ್ದ ಮನುಷ್ಯನ ತೂಕ, ಶಾಲು ಹೊದೆಯದ ಅದೇ ಮನುಷ್ಯನ ತೂಕಕ್ಕಿಂತ ಕಡಿಮೆ ಇರುತ್ತದೆ. ಪುಣೆಯಲ್ಲಿ ನಡೆದ ರಾಷ್ಟ್ರೀಯ ಯುವ ಜೂಡೋ ಚಾಂಪಿಯನ್‌ಶಿಪ್‌ನಲ್ಲಿ ಇದನ್ನು ಸರ್ವಾನುಮತದಿಂದ ತೀರ್ಮಾನಿಸಲಾಗಿದೆ. ಆಕ್ಷೇಪಣೆ ಇದ್ದ ವಿಜ್ಞಾನಿಗಳಿಗೆ ಸಂಜೆಯವರೆಗೆ ಕಾಲಾವಕಾಶ ಕೊಟ್ಟಿದ್ದೆವು. ಯಾರೂ ಬರಲಿಲ್ಲ.

ನಾನು ಪುಣೆಯ ಧನಕವಡಿ ಬಡಾವಣೆಯ ಕನ್ನಡ ಯುವ ಜೂಡೋ ಮಂಡಳದ ಪ್ರಚಾರ ಕಾರ್ಯದರ್ಶಿ. ನನಗೆ ಜೂಡೋ ಬರುವುದಿಲ್ಲ, ಆದ್ದರಿಂದಲೇ ಪದಾಧಿಕಾರಿಯಾಗಿದ್ದೇನೆ. ಅಧ್ಯಕ್ಷರಾದ ಹೊಳಬಸಪ್ಪನವರಿಗೂ ಬರುವುದಿಲ್ಲ. ಅವರದು ಸತ್ಕಾರ ಸಾಮಗ್ರಿಯ ಅಂಗಡಿ: ಶಾಲು, ಹಾರ, ಫೇಟಾ, ಸ್ಮರಣಿಕೆ. ಮಂಡಳದಲ್ಲಿ ಜೂಡೋ ಬರುತ್ತಿದ್ದವರು ಇಬ್ಬರೇ, ತರಬೇತುದಾರ ಮಾಂತು ಮತ್ತು ಹದಿನೇಳರ ಹುಡುಗಿ ಸ್ನೇಹಲ್. ಈ ಕೊರತೆಯನ್ನು ವಾರ್ಷಿಕ ಸಭೆಯಲ್ಲಿ ವಿಷಾದದಿಂದ ಗಮನಿಸಲಾಗಿತ್ತು.

ಸ್ನೇಹಲ್ ಆಡುವುದು ನಲವತ್ತನಾಲ್ಕು ಕಿಲೋದೊಳಗಿನ ವಿಭಾಗದಲ್ಲಿ. ಹೋದ ವರ್ಷ ಚೂರು ತೂಕ ಹೆಚ್ಚಾಗಿ ಮ್ಯಾಟ್ ಹತ್ತುವ ಮೊದಲೇ ಹೊರಬಿದ್ದಿದ್ದಳು. ಮುಂದಿನ ವರ್ಷ ವಯಸ್ಸು ಮೀರುತ್ತದೆ. ಬಂಗಾರದ ಪದಕ ಸಿಕ್ಕರೆ ಈ ಸಲ, ಇಲ್ಲವಾದರೆ ಇಲ್ಲ. ಹೀಗಾಗಿ ತಿಂಗಳುಗಟ್ಟಲೆ ಶೇಂಗಾ ಹೋಳಿಗೆ ಬಿಟ್ಟಿದ್ದಳು. ಆಕೆ ಬಿಟ್ಟದ್ದನ್ನೆಲ್ಲ ತಾಯಿ ಕಾಶವ್ವ ತಿಂದದ್ದರಿಂದ ಮನೆಯ ಒಟ್ಟು ತೂಕದಲ್ಲಿ ಬದಲಾವಣೆ ಆಗಿರಲಿಲ್ಲ.

ತೂಕ ನೋಡುವ ದಿನ ಬೆಳಗ್ಗೆ ಮೊದಲು ಸತ್ಕಾರ ಸಮಾರಂಭ ಇಟ್ಟರು. ಮುಖ್ಯ ಅತಿಥಿ, ನಮ್ಮ ಭಾಗದ ರಾಜಕಾರಣಿ ಹರಿಶ್ಚಂದ್ರ ಭಾವು ಅವಸರದಲ್ಲಿದ್ದರು. ಪ್ರತಿ ಆಟಗಾರ್ತಿಗೂ ಹೊಳಬಸಪ್ಪನವರ ಅಂಗಡಿಯ ಶಾಲು, ಹಾರ, ತೆಂಗಿನಕಾಯಿ ಕೊಟ್ಟರು. ಅಷ್ಟರಲ್ಲಿ ಊಟಕ್ಕೆ ಶ್ರೀಖಂಡ ಇದೆಯೆಂದು ತಿಳಿದು ಅವಸರ ಬಿಟ್ಟು ಕುಳಿತರು. ತೊಡಕಾದದ್ದು ಅಲ್ಲಿ. ಸಂಘಟನಾ ಸಮಿತಿಯ ಶಿಷ್ಟಾಚಾರ ನಿಯಮ ಹೀಗಿದೆ: “ಸತ್ಕಾರ ಮಾಡಿದ ಗಣ್ಯರು ಸಭಾಂಗಣ ಬಿಡುವತನಕ ಸತ್ಕಾರಗೊಂಡವರು ಶಾಲು, ಹಾರ, ಶ್ರೀಫಲಗಳನ್ನು ತ್ಯಜಿಸತಕ್ಕದ್ದಲ್ಲ. ತುರಿಕೆ ಉಂಟಾದಲ್ಲಿ ಲಿಖಿತ ಅನುಮತಿ ಪಡೆಯತಕ್ಕದ್ದು.”

ಸ್ನೇಹಲ್ ಕಾಯಿ ಹಿಡಿದುಕೊಂಡೇ ತಕ್ಕಡಿ ಹತ್ತಿದಳು. ನಲವತ್ತೈದೂವರೆ ತೋರಿಸಿತು.

“ಸರ, ಹುಡುಗಿ ನಲವತ್ಮೂರೂವರಿ ಅದಾಳ್ರಿ. ಉಳಿದದ್ದು ತೆಂಗಿನಕಾಯಿ, ಹಾರ,” ಎಂದ ಮಾಂತು.

ಕಂಪ್ಯೂಟರಿನ ಮುಂದಿದ್ದವರು ಅನಂತರಾಮು. ಮೈಸೂರು ಕಡೆಯವರು, ಐಟಿ ಕಂಪನಿಯ ಕೆಲಸ, ವಾರದ ಕೊನೆಗೆ ಸಮಾಜಸೇವೆ. “ನನಗೆ ಅರ್ಥ ಆಗತ್ತೆ ಸರ್. ಬಟ್ ಸಿಸ್ಟಮ್‌ಗೆ ತೆಂಗಿನಕಾಯಿ ಅರ್ಥ ಆಗಲ್ಲ,” ಎಂದರು.

ಸ್ನೇಹಲ್ ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ನೀರು. “ಕಾಕಾ, ನಾ ಶಾಲು ಬ್ಯಾಡ ಅಂದಿದ್ನೆಲ್ಲಾ.”

“ಬ್ಯಾಡ ಅಂದವರಿಗೆ ಎರಡು ಹೊದಸ್ತಾರವಾ. ಸುಮ್ನಿರು.”

ಆಗ ಯಾರೋ ಗುಂಪಿನೊಳಗಿಂದ, ಗೌರವದ ತೂಕವನ್ನು ಲೆಕ್ಕದಲ್ಲಿ ಕಳೆದುಬಿಟ್ಟರಾಯಿತು, ಶಾಲು ತೆಗೆಯುವುದೇ ಬೇಡ ಎಂದರು. ಯಾರೆಂದು ನಾನು ನೋಡಲಿಲ್ಲ. ಧ್ವನಿ ಮಾತ್ರ ನನ್ನ ಧ್ವನಿಯ ಹಾಗಿತ್ತು. ಸಮಿತಿಗೆ ಸಲಹೆ ಹಿಡಿಸಿತು. ಕಾಯಿ, ಹಾರ ಸೇರಿಸಿ ಶಾಲೊಂದಕ್ಕೆ ಎಷ್ಟು ಕಳೆಯಬೇಕೆಂದು ತಜ್ಞರನ್ನು ಕೇಳಿದರು. ತಜ್ಞರೆಂದರೆ ಹೊಳಬಸಪ್ಪನವರು.

“ಶಾಲು ಒಂದಕ್ಕನ ಎರಡು ಕಿಲೋ ಹಿಡೀರಿ. ಶುದ್ಧ ಉಣ್ಣೀದ್ರಿ ಅದು. ಹೆಗಲು ಇಳೀತಾವ.”

ಕಾಶವ್ವ ಒಂದು ಶಾಲನ್ನು ಬೆಳಕಿಗೆ ಎತ್ತಿ ಹಿಡಿದಳು. “ಇದರಾಗಿಂದ ನಿಮ್ಮ ಮಾರಿ ಕಾಣಸಾಕತ್ತದಲ್ರಿ ಸಾವಕಾರ್ರ.”

“ನಿನ್ನ ಕಣ್ಣು ಚುರುಕು ಅದಾವು, ಕಾಶವ್ವ,” ಎಂದರು ಅವರು, ನೊಂದುಕೊಳ್ಳದೆ.

ಅನಂತರಾಮು ಶಾಲೊಂದಕ್ಕೆ ಎರಡು ಕಿಲೋ ಕಳೆಯುವಂತೆ ಬರೆದು ಒತ್ತಿದರು. “ಸಿಸ್ಟಮ್ ಆಕ್ಸೆಪ್ಟ್ ಮಾಡ್ತು ಸರ್!” ಸ್ನೇಹಲ್ ಒಳಬಂದಳು. ನಾವು ಪೇಡೆ ಹಂಚಿದೆವು.

ಹಂಚಬಾರದಿತ್ತು. ಉಳಿದ ತಂಡಗಳವರು ಪೇಡೆ ಬಾಯಲ್ಲಿಟ್ಟುಕೊಂಡೇ ಯೋಚಿಸತೊಡಗಿದರು. ಒಂದು ಶಾಲಿಗೆ ಎರಡು ಕಿಲೋ ಇಳಿದರೆ ಹತ್ತು ಶಾಲಿಗೆ? ಬೇರೆ ರಾಜ್ಯದ, ತುಂಬು ಮೈಯ ಒಬ್ಬ ಹುಡುಗಿ ಶಾಲುಗಳೊಳಗೆ ಮುಖ ಮಾತ್ರ ಕಾಣುವಂತೆ ಬಂದು ತಕ್ಕಡಿ ಹತ್ತಿ ನಲವತ್ತೆರಡಾಗಿ ಇಳಿದಳು. ಹೊಳಬಸಪ್ಪನವರ ಅಂಗಡಿ ಖಾಲಿಯಾಯಿತು. ಲೋಣಾವಳಾದ ಯಾವುದೋ ಹೋಟೆಲಿನಿಂದ ಹೊದಿಕೆಗಳನ್ನು ತರಿಸಿದರು. ಅವುಗಳ ಮೂಲೆಯಲ್ಲಿದ್ದ ಕೋಣೆ ಸಂಖ್ಯೆಯನ್ನು ಗೌರವದ ದರ್ಜೆ ಎಂದು ಘೋಷಿಸಲಾಯಿತು. ಮಧ್ಯಾಹ್ನದ ಹೊತ್ತಿಗೆ ದೇಶದ ಎಲ್ಲ ಹುಡುಗಿಯರೂ ನಲವತ್ತನಾಲ್ಕರೊಳಗೆ ಬಂದಿದ್ದರು. ದೊಡ್ಡ ವಿಭಾಗಗಳಲ್ಲಿ ಆಡುವವರೇ ಇಲ್ಲವಾಗಿ, ಅಲ್ಲಿನ ಪದಕಗಳನ್ನು ಸಮಿತಿಯ ಸದಸ್ಯರು ಭಾರವಾದ ಮನಸ್ಸಿನಿಂದ ಮನೆಗೆ ಒಯ್ದರು.

ಸ್ನೇಹಲ್ ಒಬ್ಬೊಬ್ಬರನ್ನೇ ಕೆಡವುತ್ತ ಹೋದಳು. ಭಾವು ಇನ್ನೂ ಸಭಾಂಗಣ ಬಿಡದ್ದರಿಂದ ಹೊದ್ದದ್ದನ್ನು ತೆಗೆಯುವಂತಿರಲಿಲ್ಲ; ಅಷ್ಟು ಹೊದಿಕೆಯೊಳಗೆ ಪಾಪ ಆ ಹುಡುಗಿಯರಿಗೆ ತಮ್ಮ ಕೈ ಎಲ್ಲಿದೆಯೆಂದೇ ತಿಳಿಯುತ್ತಿರಲಿಲ್ಲ. ಸೆಮಿಫೈನಲ್ ಗೆದ್ದು ಬಂದವಳು ಮುಖ ಗಂಟಿಕ್ಕಿದ್ದಳು.

“ಇದ್ಯಾತರ ಜೂಡೋರಿ ಮಾಂತು ಸರ? ಹಾಸಿಗಿ ಸುತ್ತಿಟ್ಟಂಗ ಆಗಾಕತ್ತದ. ಫೈನಲ್‌ದಾಗರ ಖರೇ ಎತ್ತಿ ಒಗದು ಗೆಲ್ಲಬೇಕು.”

ಫೈನಲ್ಲಿಗೆ ಎದುರಾಳಿ ಯಾರೆಂದು ನೋಡಲು ಹೋದೆವು. ಹರಿಶ್ಚಂದ್ರ ಭಾವು.

ಇದರಲ್ಲಿ ಅಕ್ರಮವೇನೂ ಇಲ್ಲ. ಭಾವು ಮೂವತ್ತು ವರ್ಷಗಳಲ್ಲಿ ಹೊದ್ದ ಶಾಲುಗಳನ್ನು ಯಾರೋ ಕುತೂಹಲಕ್ಕೆ ಕಂಪ್ಯೂಟರಿಗೆ ಹಾಕಿಸಿದ್ದರು. (ನಾನು ಆಗ ಅಲ್ಲಿಯೇ ನಿಂತಿದ್ದೆ, ಅಷ್ಟೇ.) ತೂಕ ಮೈನಸ್ಸಿನಲ್ಲಿ ಬಂತು. ಇಡೀ ದೇಶದಲ್ಲಿ ಅವರಷ್ಟು ಹಗುರ ಯಾರೂ ಇರಲಿಲ್ಲ. ವಯಸ್ಸಿನ ಪ್ರಶ್ನೆ ಬಂದಾಗ ಕಾತ್ರಜ್ ರಸ್ತೆಯ ಫ್ಲೆಕ್ಸುಗಳನ್ನು ಪರಿಶೀಲಿಸಲಾಯಿತು. ಎಲ್ಲದರಲ್ಲೂ ‘ಯುವ ನೇತಾರ’ ಎಂದಿತ್ತು. ಅನಂತರಾಮು ಕೊನೆಯ ಅಡಚಣೆ ತೋರಿಸಿದರು. “ಸರ್, ಇದು ಗರ್ಲ್ಸ್ ಕೆಟಗರಿ.” ಸಮಿತಿಯ ಅಪ್ಪಣೆಯಂತೆ ಆ ಕಾಲಂನಲ್ಲಿ ಹೆಣ್ಣು, ಗಂಡು ಎಂಬುದರ ಕೆಳಗೆ ‘ಗಣ್ಯರು’ ಎಂದು ಸೇರಿಸಿದರು. ಗಣ್ಯರನ್ನು ಸಾಲಿನಲ್ಲಿ ನಿಲ್ಲಿಸುವುದು ಶಿಷ್ಟಾಚಾರವಲ್ಲ. ಆದ್ದರಿಂದ ನೇರ ಫೈನಲ್.

ಹೊಳಬಸಪ್ಪನವರು ಸ್ನೇಹಲ್‌ಳನ್ನು ಮೂಲೆಗೆ ಕರೆದರು. “ತಂಗೀ, ಅವರು ಬಂದು ನಿಂತಕೂಡ್ಲೆ ನೀ ಮೆಲ್ಲಕ ಮಲಕ್ಕೊಂಡುಬಿಡವಾ. ಮುಂದಿನ ವರ್ಷದ ಸತ್ಕಾರದ ಗುತ್ತಿಗಿ ಎಲ್ಲಾ ಅವರ ಕೈಯಾಗ ಅದ.”

“ಮತ್ತ ನನ್ನ ಬಂಗಾರ?”

“ಬೆಳ್ಳಿ ಏನು ಕಮ್ಮಿ ಅದ? ಬೆಳ್ಳಿ ಕಪ್ಪಾಗ್ತದಂತ ಚಿಂತಿ ಇದ್ರ, ನಾ ಪಾಲಿಶ್ ಮಾಡಿಸಿ ಕೊಡ್ತೀನಿ.”

ಕಾಶವ್ವ ಸೆರಗು ಸಿಕ್ಕಿಸಿಕೊಂಡು ನಡುವೆ ಬಂದಳು. “ಮಲಗೂದಾಗಿದ್ರ ಮನ್ಯಾಗ ಹಾಸಿಗಿ ಇತ್ರಿ. ಇಲ್ಲೀತನಕ ಯಾಕ ಬರ್ತಿದ್ವಿ? ಸ್ನೇಹಲ್, ಎತ್ತಿ ಒಗಿ ಅವನ್ನ.”

“ಅವ್ವ, ಅವರಿಗೆ ವಯಸ್ಸಾಗೇದ.”

“ಯುವ ಅಂತ ಬರಕೊಂಡಾರ. ಒಗಿ.”

ಭಾವು ಬಿಳಿ ಖಾದಿಯ ಮೇಲೆ ಜಾಕೀಟು ತೊಟ್ಟು ಮ್ಯಾಟ್ ಹತ್ತಿದರು. ಜೂಡೋದಲ್ಲಿ ಪಂದ್ಯಕ್ಕೆ ಮೊದಲು ಇಬ್ಬರೂ ಬಾಗಬೇಕು. ಸ್ನೇಹಲ್ ಬಾಗಿದಳು. ಭಾವು ಮೈಕ್ ಎಲ್ಲಿದೆಯೆಂದು ನೋಡಿದರು. ರೆಫರಿ ಪಂದ್ಯ ಶುರು ಎಂದಕೂಡಲೇ ಸ್ನೇಹಲ್ ಮತ್ತೆ ತಗ್ಗಿ ಒಳನುಗ್ಗಿದಳು. ಎದುರಿಗೆ ಯಾರಾದರೂ ತಗ್ಗಿದರೆ ಭಾವು ಮಾಡುವುದು ಒಂದೇ. ಕಾಲಿಗೆ ಬೀಳುತ್ತಿದ್ದಾಳೆಂದು ತಿಳಿದು, ರೂಢಿಯಂತೆ, ಆಶೀರ್ವಾದಕ್ಕೆ ಬಲಗೈ ಚಾಚಿದರು. ಸ್ನೇಹಲ್‌ಗೆ ಬೇಕಾಗಿದ್ದದ್ದೂ ಅದೇ ಕೈ. ತೋಳು ಹಿಡಿದಳು, ತಿರುಗಿದಳು, ಹೆಗಲ ಮೇಲೆ ತೆಗೆದುಕೊಂಡಳು. ಒಂದು ಕ್ಷಣ ಭಾವು ತಮ್ಮ ಅಧಿಕೃತ ತೂಕಕ್ಕೆ ತಕ್ಕಂತೆ ಗಾಳಿಯಲ್ಲಿದ್ದರು. ಆಮೇಲೆ ಪೂರ್ತಿ ಬೆನ್ನ ಮೇಲೆ, ಧಡ್ ಎಂದು ಮ್ಯಾಟಿಗೆ ಬಂದರು.

ರೆಫರಿಯ ಕೈ ಇಪ್ಪೋನ್ ಕೊಡಲೆಂದು ಅರ್ಧ ಮೇಲೆ ಹೋಗಿ ಅಲ್ಲೇ ನಿಂತಿತು. ಇಪ್ಪೋನ್ ಎಂದರೆ ಪೂರ್ಣ ಅಂಕ, ಪಂದ್ಯ ಮುಗಿದಂತೆ. ಸಮಿತಿಯ ಒಬ್ಬರು, ಮೈನಸ್ ತೂಕದವರು ಬೀಳಲು ಸಾಧ್ಯವೇ ಇಲ್ಲ, ಇದನ್ನು ಪರಿಶೀಲನಾ ಭೇಟಿ ಎಂದು ಬರೆಯಿರಿ ಎಂದು ಪಿಸುಗುಟ್ಟಿದರು. ಅಷ್ಟರಲ್ಲಿ ಮೇಲಿನ ಗ್ಯಾಲರಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಎಲ್ಲರೂ ತಟ್ಟಿದರು. ಶೀಟಿ, ಕೇಕೆ, ಎಸೆದ ಹೊದಿಕೆಗಳು.

ಭಾವು ಮಲಗಿದಲ್ಲಿಂದಲೇ ನನ್ನ ಕಡೆ ನೋಡಿದರು. ಮರಾಠಿಯಲ್ಲಿ, ಮಗುವಿನ ಹಾಗೆ, ಈ ಚಪ್ಪಾಳೆ ನನಗೇನಾ ಎಂದು ಕೇಳಿದರು. ಮೂವತ್ತು ವರ್ಷ ಅವರಿಗೆ ಚಪ್ಪಾಳೆ ಬಿದ್ದದ್ದು ನಿರೂಪಕರು ಕೈಮುಗಿದು ವಿನಂತಿಸಿಕೊಂಡ ಮೇಲೆಯೇ.

“ಹೌದು ಭಾವು, ನಿಮಗೇ,” ಎಂದೆ. ಈ ಒಂದು ಮಾತು ಪೂರ್ಣ ಸತ್ಯ.

“ಪುನ್ಹಾ!” ಎಂದರು ಭಾವು. ಇನ್ನೊಮ್ಮೆ ಎಂದು.

ಸ್ನೇಹಲ್ ಸೊಂಟದ ಮೇಲೆ ಕೈಯಿಟ್ಟು ರೆಫರಿಯತ್ತ ತಿರುಗಿದಳು. “ಮೊದಲ ನನ್ನ ಇಪ್ಪೋನ್ ಬರೀರಿ ಸರ. ಬಂಗಾರ ಕೊರಳಾಗ ಹಾಕ್ರಿ. ಆಮ್ಯಾಲ ಎಷ್ಟು ಸಲ ಬೇಕಾದರೂ ಒಗೀತೀನಿ.”

ಬರೆದರು. ಭಾವು ಎದ್ದು ತಾವೇ ಪದಕ ಹಾಕಿ, ಹಾಕಿದ ಕೈಯನ್ನು ಇನ್ನೊಮ್ಮೆ ಒಗೆಯಲೆಂದು ಆಕೆಗೆ ಒಪ್ಪಿಸಿದರು.

ಮರುವಾರ ಸುತ್ತೋಲೆ ಬಂತು. ಇನ್ನು ಮುಂದೆ ಉದ್ಘಾಟನೆಗಳಲ್ಲಿ ದೀಪ ಬೆಳಗಿಸುವ ಬದಲು ಗಣ್ಯರನ್ನು ಹಿರಿತನದ ಕ್ರಮದಲ್ಲಿ ಎತ್ತಿ ಒಗೆಯತಕ್ಕದ್ದು. ಹೊಳಬಸಪ್ಪನವರು ಈಗ ಮ್ಯಾಟ್ ಬಾಡಿಗೆಗೆ ಕೊಡುತ್ತಾರೆ. ಮಾಂತು ಗಣ್ಯರಿಗೆ ಬೀಳುವುದನ್ನು ಕಲಿಸುತ್ತಾನೆ. ಎಲ್ಲವೂ ಸುಗಮವಾಗಿದೆ.

ಪುಣೆ ಹತ್ತಿರದ ಸಾಸವಡದಲ್ಲಿ ಮಾತ್ರ ಚೂರು ಗಲಾಟೆಯಾಯಿತು. ನೀರಿನ ಟ್ಯಾಂಕಿನ ಉದ್ಘಾಟನೆಯಲ್ಲಿ ಸಮಯ ಸಾಲದೆ ಒಬ್ಬ ಉಪಾಧ್ಯಕ್ಷರನ್ನು ಒಗೆಯುವುದು ಉಳಿದುಹೋಯಿತು. ತಮ್ಮ ನಾಯಕರಿಗೆ ಅವಮಾನವಾಯಿತೆಂದು ಬೆಂಬಲಿಗರು ಹೆದ್ದಾರಿಯಲ್ಲಿ ಕುಳಿತರು. ಬಸ್ಸುಗಳು ನಿಂತವು. ಪೊಲೀಸರು ಜೀಪು ಕಳಿಸಿ ಕಾಲೇಜಿನಿಂದ ಸ್ನೇಹಲ್‌ಳನ್ನು ಕರೆಸಿದರು. ಆಕೆ ಚೀಲ ಕೆಳಗಿಟ್ಟು, ಉಪಾಧ್ಯಕ್ಷರಿಗೆ ಬಾಗಿ, ಅವರನ್ನು ರಸ್ತೆಬದಿಯ ಹುಲ್ಲಿನ ಮೇಲೆ ಒಗೆದಳು. ಅವರು ಮೈ ಕೊಡವಿಕೊಂಡು ಎದ್ದು ಜನರಿಗೆ ಕೈಮುಗಿದರು. ಸಂಚಾರ ಮತ್ತೆ ಆರಂಭವಾಯಿತು.